ಶಿಕ್ಷೆ ಆದ ದಿನವೇ ಅಪೀಲಿನ ದಾರಿ ಹೇಳಿ

ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಯವರಿಗೆ, ಮತ್ತು ಮನೆಯವರೊಬ್ಬರು ಜೈಲಿನಲ್ಲಿದ್ದು ದಿಕ್ಕು ತೋಚದೆ ಕೂತಿರುವ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಎಲ್ಲರಿಗೂ,

ನಮಸ್ಕಾರ.

ನನ್ನ ತಮ್ಮನಿಗೆ ಸುಲಿಗೆ ಕೇಸಿನಲ್ಲಿ ಏಳು ವರ್ಷ ಶಿಕ್ಷೆ ಆಗಿದೆ. ಅದರ ವಿರುದ್ಧ ಕಲಬುರಗಿ ಹೈಕೋರ್ಟ್ ಪೀಠದಲ್ಲಿ ಅಪೀಲು ಹಾಕಿದ್ದೇವೆ. ಆ ಅಪೀಲಿನಲ್ಲಿ ಹೀಗೇ ಆಗಬೇಕು ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಅದು ನಿಮ್ಮ ಕೈಯಲ್ಲಿಲ್ಲ, ನಾನು ಹೀಗೆ ಬಹಿರಂಗವಾಗಿ ಕೇಳಬಾರದ ಮಾತೂ ಹೌದು. ದಾಖಲೆ ನೋಡಿ ನ್ಯಾಯಮೂರ್ತಿಗಳು ತೀರ್ಮಾನ ಮಾಡುತ್ತಾರೆ. ನನ್ನ ಮಾತು ಬೇರೆ. ತೀರ್ಪು ಬಂದ ಗಳಿಗೆಯಿಂದ ಅಪೀಲು ನೋಂದಣಿ ಆಗುವವರೆಗೆ ಬಡವರ ಮನೆಯೊಂದು ಯಾವ ದಾರಿಯಲ್ಲಿ ನಡೆಯಬೇಕಾಗುತ್ತದೆ ಅನ್ನುವುದು ನನ್ನ ಮಾತು. ಆ ದಾರಿಗೆ ಬೇಕಾದ ಕಾನೂನೆಲ್ಲ ಪುಸ್ತಕದಲ್ಲಿ ಈಗಾಗಲೇ ಇದೆ. ಹೇಳುವವರು ಇಲ್ಲ, ಅಷ್ಟೇ.

ನಾನು ಸಿಂಧನೂರು ತಾಲ್ಲೂಕಿನವಳು. ಝೆರಾಕ್ಸ್ ಮತ್ತು ಕನ್ನಡ ಟೈಪಿಂಗ್ ಅಂಗಡಿಯಲ್ಲಿ ಕೆಲಸ. ಪಹಣಿ ತಿದ್ದುಪಡಿ ಅರ್ಜಿ, ಬಾಡಿಗೆ ಕರಾರು, ಅಫಿಡವಿಟ್ಟು ಇವನ್ನೆಲ್ಲ ದಿನಾ ಟೈಪ್ ಮಾಡುವ ನನಗೇ ಈ ದಾರಿ ಇಷ್ಟು ಕತ್ತಲಾಗಿ ಕಂಡ ಮೇಲೆ, ಬೆಳಗಾಗುವುದರೊಳಗೆ ಭತ್ತದ ನಾಟಿ ಹಚ್ಚಲು ಟಂಟಂ ಹತ್ತಿ ಹೋಗುವ ತಾಯಂದಿರ ಪಾಡು ಏನಾಗಬೇಡ?

ಕೇಸು ಇಷ್ಟು. 2021ರಲ್ಲಿ, ಹತ್ತಿ ಬಿಡಿಸುವ ಕಾಲ. ಒಂದು ದಲಾಲಿ ಅಂಗಡಿಯ ಗುಮಾಸ್ತರು ಹಳ್ಳಿಗಳಲ್ಲಿ ವಸೂಲಿ ಮುಗಿಸಿಕೊಂಡು ರಾತ್ರಿ ಬೈಕಿನಲ್ಲಿ ವಾಪಸ್ ಬರುವಾಗ, ಎರಡು ಬೈಕಿನಲ್ಲಿ ಬಂದ ನಾಲ್ಕು ಜನ ಅಡ್ಡ ಹಾಕಿ, ಚಾಕು ತೋರಿಸಿ, ಹಣದ ಚೀಲ ಕಿತ್ತುಕೊಂಡು ಹೋದರು. ನನ್ನ ತಮ್ಮ ಮೂರನೇ ಆರೋಪಿ. ಎರಡನೇ ಬೈಕು ಓಡಿಸಿದವನು ಅವನೇ ಅನ್ನುವುದು ಪೊಲೀಸರ ಮಾತು. ನಾನು ಅಲ್ಲಿ ಇರಲೇ ಇಲ್ಲ ಅನ್ನುವುದು ಅವನ ಮಾತು. ಮುಖಕ್ಕೆ ಬಟ್ಟೆ ಕಟ್ಟಿದ್ದವರನ್ನು ಕತ್ತಲಲ್ಲಿ ಹೇಗೆ ಗುರುತು ಹಿಡಿದರು, ಗುರುತಿಸುವ ಪೆರೇಡ್ ಯಾವಾಗ ಆಯಿತು, ಹಣ ಸಿಕ್ಕಿತು ಅಂತ ಪಂಚನಾಮೆಗೆ ಸಹಿ ಹಾಕಿದ ಪಂಚರು ಕೋರ್ಟಿನಲ್ಲಿ ಏನು ಹೇಳಿದರು, ಇದೆಲ್ಲ ಅಪೀಲಿನಲ್ಲಿ ಇದೆ. ಇಲ್ಲಿ ಅದರ ವಾದ ಬೇಡ.

ಹಣ ಕಳೆದುಕೊಂಡ ಗುಮಾಸ್ತರ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅವರ ಸಾಕ್ಷಿ ಹೇಳಿಕೆಯನ್ನು ನಾನು ಪೂರ್ತಿ ಓದಿದ್ದೇನೆ. ಆ ದಿನದಿಂದ ರಾತ್ರಿ ವಸೂಲಿಗೆ ಹೋಗುವುದನ್ನು ಬಿಟ್ಟಿದ್ದೇನೆ ಎಂದು ಪಾಟಿ ಸವಾಲಿನಲ್ಲಿ ಹೇಳಿದ್ದಾರೆ. ನೀನೇ ಹಣ ಮುಚ್ಚಿಟ್ಟು ನಾಟಕ ಮಾಡುತ್ತಿದ್ದೀಯ ಅನ್ನುವ ಮಾತನ್ನು ಮೊದಲ ಕೆಲವು ದಿನ ಅವರೂ ಕೇಳಬೇಕಾಯಿತಂತೆ. ಅವರೂ ನಮ್ಮ ಹಾಗೆ ದುಡಿದು ತಿನ್ನುವವರು. ಅಪೀಲು ಹಾಕುವುದು ಅಂದರೆ ಅವರ ನೋವು ಸುಳ್ಳು ಅನ್ನುವುದಲ್ಲ. ಇದನ್ನು ನಮ್ಮ ಊರಿನಲ್ಲೂ ಕೆಲವರಿಗೆ ಬಿಡಿಸಿ ಹೇಳಬೇಕಾಯಿತು.

ಇನ್ನು ತೀರ್ಪಿನ ದಿನಕ್ಕೆ ಬರುತ್ತೇನೆ. ತಮ್ಮ ಜಾಮೀನಿನ ಮೇಲೆ ಹೊರಗಿದ್ದ. ಪ್ರತಿ ಪೇಶಿಗೂ ಹೋಗಿ ಬರುತ್ತಿದ್ದ. ತೀರ್ಪಿನ ದಿನವೂ ಹಾಗೇ ಹೋದ, ಸಾಯಂಕಾಲ ಬರುತ್ತಾನೆ ಅಂತ ಅವ್ವ ಅಡುಗೆ ಮಾಡಿಟ್ಟಿದ್ದಳು. ಶಿಕ್ಷೆ ಆದರೂ ಜಾಮೀನು ಮುಂದುವರಿಯುತ್ತೆ, ಮೇಲಿನ ಕೋರ್ಟಿಗೆ ಹೋಗೋಕೆ ಟೈಮ್ ಕೊಡ್ತಾರೆ ಅಂತ ಯಾರೋ ಹೇಳಿದ್ದರು. ಅದು ಎಲ್ಲರಿಗೂ ಸಿಗುವುದಿಲ್ಲ. ಜಾಮೀನಿನ ಮೇಲಿದ್ದವರಿಗೆ ಮೂರು ವರ್ಷ ಅಥವಾ ಅದಕ್ಕಿಂತ ಕಡಿಮೆ ಶಿಕ್ಷೆ ಆದರೆ ಮಾತ್ರ ಸಾಮಾನ್ಯವಾಗಿ ಶಿಕ್ಷೆ ಕೊಟ್ಟ ಕೋರ್ಟೇ ಅಪೀಲಿಗೆ ಬೇಕಾದಷ್ಟು ದಿನ ಹೊರಗೆ ಬಿಡಬಹುದು. ಏಳು ವರ್ಷ ಅಂದರೆ ಕೋರ್ಟ್ ಹಾಲಿನಿಂದಲೇ ಜೈಲಿಗೆ. ಅವನ ಮೊಬೈಲು, ಬೈಕಿನ ಕೀಲಿ, ಜೇಬಿನಲ್ಲಿದ್ದ ದುಡ್ಡು ಇಷ್ಟನ್ನು ಒಬ್ಬ ಪೇದೆ ನನ್ನ ಕೈಗೆ ಕೊಟ್ಟರು. ಪಾಪ, ಅವರು ಮೆತ್ತಗೇ ಮಾತಾಡಿದರು. ಆದರೆ ಇನ್ನು ಮುಂದೆ ಏನು ಮಾಡಬೇಕು, ಎಷ್ಟು ದಿನದೊಳಗೆ ಮಾಡಬೇಕು, ಯಾರ ಹತ್ತಿರ ಹೋಗಬೇಕು ಅನ್ನುವುದನ್ನು ಆ ಕಟ್ಟಡದಲ್ಲಿ ಒಬ್ಬರೂ ಹೇಳಲಿಲ್ಲ. ಕೆಳಗಿನ ಕೋರ್ಟಿನಲ್ಲಿ ನಡೆಸಿದ ವಕೀಲರ ಕೆಲಸ ಅಲ್ಲಿಗೆ ಮುಗಿದಿತ್ತು. ಅವರು ಮುಂದಿನ ಕೇಸಿಗೆ ಹೋದರು.

ಸೆಷನ್ಸ್ ಕೋರ್ಟ್ ಕೊಟ್ಟ ಶಿಕ್ಷೆಯ ಮೇಲೆ ಹೈಕೋರ್ಟಿಗೆ ಅಪೀಲು ಹಾಕಲು 60 ದಿನ. ಹಳೇ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅಪೀಲಿನ ಹಕ್ಕು ಕಲಂ 374, ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 415. ಅರ್ಜಿ ಹಾಕಿದ ಮೇಲೆ ತೀರ್ಪಿನ ಪ್ರತಿ ಸಿಗಲು ಹಿಡಿದ ದಿನಗಳನ್ನು ಈ 60ರಲ್ಲಿ ಲೆಕ್ಕ ಹಿಡಿಯುವುದಿಲ್ಲ. ತಡವಾದರೆ ಕಾರಣ ಹೇಳಿ ಮನ್ನಿಸಿ ಅಂತ ಅರ್ಜಿ ಕೊಡಬಹುದು. ಇವಿಷ್ಟೂ ಈಗ ನನಗೆ ಬಾಯಿಪಾಠ. ಆದರೆ ಅವತ್ತು ಕೋರ್ಟಿನ ಹೊರಗೆ ನಿಂತಾಗ ಗೊತ್ತಿದ್ದದ್ದು ಒಂದೇ, ತಮ್ಮನನ್ನು ಜೀಪಿನಲ್ಲಿ ಕರೆದುಕೊಂಡು ಹೋದರು ಅನ್ನುವುದು.

ಊರಿಗೆ ಬಂದರೆ ಇನ್ನೊಂದು ಭಯ. ನಮ್ಮ ಓಣಿಯ ಹಿರಿಯರೊಬ್ಬರು ಅವ್ವನ ಮುಂದೆ ಕೂತು, "ಏಳಕ್ಕ ಮುಗಿದೈತಿ ಅಂತ ಸುಮ್ನಿರ್ರಿ ಯವ್ವಾ, ಮ್ಯಾಲಿನ ಕೋರ್ಟಿಗೆ ಹೋದ್ರ ಅದು ಹದಿನಾಲ್ಕು ಆಗ್ತೈತಿ" ಅಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಹದಿನಾಲ್ಕು ಅನ್ನುವುದೂ ಸುಮ್ನೆ ಹುಟ್ಟಿದ ಅಂಕಿ ಅಲ್ಲ. ಹಳೇ ಭಾರತ ದಂಡ ಸಂಹಿತೆಯ ಕಲಂ 392ರಲ್ಲಿ ಸುಲಿಗೆಗೆ ಹತ್ತು ವರ್ಷದವರೆಗೆ, ಸೂರ್ಯ ಮುಳುಗಿ ಮತ್ತೆ ಹುಟ್ಟುವುದರೊಳಗೆ ಹೆದ್ದಾರಿಯಲ್ಲಿ ಮಾಡಿದರೆ ಹದಿನಾಲ್ಕು ವರ್ಷದವರೆಗೆ ಶಿಕ್ಷೆ ಕೊಡಬಹುದು ಅಂತ ಇದೆ. ಯಾವುದೋ ಕೇಸಿನಲ್ಲಿ ಅದನ್ನು ಕೇಳಿದ್ದಿರಬೇಕು. ಆದರೆ ಶಿಕ್ಷೆ ಆದವನು ತಾನೇ ಹಾಕಿಕೊಂಡ ಅಪೀಲಿನಲ್ಲಿ ಅವನ ಶಿಕ್ಷೆಯನ್ನೇ ಜಾಸ್ತಿ ಮಾಡುವುದಿಲ್ಲ. ಶಿಕ್ಷೆ ಸಾಲದು ಅನ್ನಿಸಿದರೆ ಸರ್ಕಾರ ಅದಕ್ಕೆ ಬೇರೆ ಅಪೀಲು ಹಾಕಬೇಕು, ಆಗಲೂ ಆರೋಪಿಯ ಮಾತು ಕೇಳಬೇಕು. ಈ ಒಂದು ಮಾತು ಗೊತ್ತಿಲ್ಲದೆ ಎಷ್ಟು ಮನೆಗಳು ಅಪೀಲು ಹಾಕದೆ ಕೂತಿರಬಹುದು ಹೇಳಿ. ಅವ್ವ ಹೆದರಿಬಿಟ್ಟಿದ್ದಳು. ಬ್ಯಾಡ, ಇದ್ದದ್ದು ಇರ್ಲಿ ಅಂತಲೇ ಕೂತಿದ್ದಳು.

ತೀರ್ಪಿನ ಪ್ರತಿ ಕೈಗೆ ಬಂತು. ಇಂಗ್ಲಿಷ್. ನಮ್ಮ ಕೇಸಿನಲ್ಲಿ ಸಾಕ್ಷಿಗಳೆಲ್ಲ ಹೇಳಿದ್ದು ಕನ್ನಡದಲ್ಲಿ, ಬರೆದುಕೊಂಡದ್ದು ಕನ್ನಡದಲ್ಲಿ, ಪಂಚನಾಮೆ ಕನ್ನಡ, ದೂರು ಕನ್ನಡ. ಯಾಕೆ ಶಿಕ್ಷೆ ಆಯಿತು ಅನ್ನುವ ಕಾಗದ ಮಾತ್ರ ಶಿಕ್ಷೆ ಆದವನಿಗೆ ಓದಲು ಬಾರದ ಭಾಷೆಯಲ್ಲಿ. ಇದಕ್ಕೂ ಕಾನೂನಿನಲ್ಲಿ ದಾರಿ ಇದೆ ನೋಡಿ. ಜೈಲು ಶಿಕ್ಷೆ ಆದವನಿಗೆ ತೀರ್ಪು ಹೇಳಿದ ತಕ್ಷಣ ಅದರ ಪ್ರತಿಯನ್ನು ದುಡ್ಡು ತೆಗೆದುಕೊಳ್ಳದೆ ಕೊಡಬೇಕು. ಅವನು ಕೇಳಿದರೆ, ಸಾಧ್ಯವಿದ್ದಷ್ಟೂ ಅವನ ಭಾಷೆಗೆ, ಇಲ್ಲದಿದ್ದರೆ ಕೋರ್ಟಿನ ಭಾಷೆಗೆ ಅನುವಾದ ಮಾಡಿ ಕೊಡಬೇಕು. ಹಳೇ ಸಂಹಿತೆಯ ಕಲಂ 363, ಹೊಸದರ 404. ಕನ್ನಡ ನಾಡಿನಲ್ಲಿ ಕನ್ನಡದಲ್ಲಿ ಕೊಡುವುದು ಅಸಾಧ್ಯ ಅಂತ ಯಾರು ಹೇಳುತ್ತಾರೆ? ಆದರೆ "ಅವನು ಕೇಳಿದರೆ" ಅಂತ ಇದೆ. ಕೇಳಬಹುದು ಅಂತ ಗೊತ್ತಿದ್ದರೆ ತಾನೇ ಕೇಳುವುದು?

ನಾನು ರಾತ್ರಿ ಕೂತು ಪುಟ ಪುಟ ಓದಿದೆ. ಅರ್ಥ ಆಗದ್ದನ್ನು ಮೊಬೈಲಿನಲ್ಲಿ ನೋಡಿದೆ, ಮತ್ತೆ ಓದಿದೆ, ಪೆನ್ಸಿಲಿನಲ್ಲಿ ಅಂಚಿಗೆ ಕನ್ನಡ ಬರೆದುಕೊಂಡೆ. ಆಗ ಒಂದು ಜಾಗದಲ್ಲಿ ಕಣ್ಣು ನಿಂತಿತು. ಗುಮಾಸ್ತರ ಹೇಳಿಕೆಯ ಸಾರಾಂಶ ಅದು. ಒಬ್ಬನು ಚಾಕು ತೋರಿಸಿದನು, ಇನ್ನೊಬ್ಬನು ಚೀಲ ಕಿತ್ತುಕೊಂಡನು, ಉಳಿದಿಬ್ಬರು ಬೈಕುಗಳ ಹತ್ತಿರ ನಿಂತಿದ್ದರು. ಹಿಂದೆಯೇ ಹೋಗಿ ಕನ್ನಡದ ಮೂಲ ಹೇಳಿಕೆ ತೆಗೆದು ನೋಡಿದೆ. ಅಲ್ಲೂ ಅದೇ. ಆದರೆ ಕೊನೆಯ ಪುಟದಲ್ಲಿ ನಾಲ್ಕೂ ಜನರಿಗೆ ಕಲಂ 392ರ ಜೊತೆ 397 ಹಾಕಿ ಏಳೇಳು ವರ್ಷ ಕಠಿಣ ಸಜೆ.

ಈ 397ರ ವಿಷಯ ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ, ಯಾಕೆಂದರೆ ನಮ್ಮಂಥ ಬಹಳ ಮನೆಗಳ ಏಳು ವರ್ಷ ಇದರಲ್ಲಿ ಸಿಕ್ಕಿಕೊಂಡಿದೆ. 392ರಲ್ಲಿ ಹತ್ತು ವರ್ಷದವರೆಗೆ ಅಂತ ಇದೆ, ಅಂದರೆ ಎರಡು ಕೊಡಬೇಕೋ ನಾಲ್ಕು ಕೊಡಬೇಕೋ ಅನ್ನುವುದನ್ನು ನ್ಯಾಯಾಧೀಶರು ಆರೋಪಿಯ ವಯಸ್ಸು, ಹಿನ್ನೆಲೆ, ಅವನ ಪಾಲು ಎಷ್ಟು ಇದನ್ನೆಲ್ಲ ನೋಡಿ ತೀರ್ಮಾನ ಮಾಡಬಹುದು. 397 ಹಾಗಲ್ಲ. ಸುಲಿಗೆ ಮಾಡುವಾಗ ಮಾರಕ ಆಯುಧ ಬಳಸಿದರೆ, ಅಥವಾ ತೀವ್ರ ಗಾಯ ಮಾಡಿದರೆ, ಏಳು ವರ್ಷಕ್ಕಿಂತ ಕಡಿಮೆ ಕೊಡುವ ಹಾಗೇ ಇಲ್ಲ. ಚಾಕುವಿನಿಂದ ಚುಚ್ಚಲೇಬೇಕು ಅಂತಿಲ್ಲ, ಹೆದರಿಸಲು ತೋರಿಸಿದರೂ ಬಳಸಿದ ಹಾಗೇ. ಹೊಸ ನ್ಯಾಯ ಸಂಹಿತೆಯಲ್ಲಿ ಇದು 311 ಆಗಿದೆ, ಏಳು ವರ್ಷ ಹಾಗೇ ಉಳಿದಿದೆ. ಶಿಕ್ಷೆ ಹೇಳುವ ಮೊದಲು ತಮ್ಮನನ್ನು ಏನಾದರೂ ಹೇಳುವುದಿದೆಯಾ ಅಂತ ಕೇಳಿದರು. ಅವ್ವ ಒಬ್ಬಳೇ ಇದ್ದಾಳೆ, ಹೆಂಡತಿ ಬಸುರಿ, ಕಡಿಮೆ ಮಾಡಿ ಅಂದ. ನ್ಯಾಯಾಧೀಶರು ಕೇಳಿಸಿಕೊಂಡರು. ಆದರೆ 397 ಅಂತ ತೀರ್ಮಾನ ಆದ ಮೇಲೆ ಅವರ ಕೈಯೂ ಕಟ್ಟಿಹಾಕಿದಂತೆ.

ಈಗ ಪ್ರಶ್ನೆ, ಚಾಕು ಹಿಡಿದವನು ಒಬ್ಬ ಆದರೆ ಈ ಏಳು ವರ್ಷ ಎಲ್ಲರಿಗೂ ಅನ್ವಯಿಸುತ್ತಾ? ಇದಕ್ಕೆ ಸುಪ್ರೀಂ ಕೋರ್ಟ್ 1975ರಲ್ಲೇ ಫೂಲ್ ಕುಮಾರ್ ಕೇಸಿನಲ್ಲಿ ಉತ್ತರ ಕೊಟ್ಟಿದೆ. ದೆಹಲಿಯ ಪೆಟ್ರೋಲ್ ಬಂಕ್ ಸುಲಿಗೆಯ ಕೇಸು ಅದು. 397 ಅನ್ವಯಿಸುವುದು ಆಯುಧವನ್ನು ತಾನೇ ಬಳಸಿದವನಿಗೆ ಮಾತ್ರ, ಜೊತೆಗಿದ್ದ ಕಾರಣಕ್ಕೆ ಉಳಿದವರಿಗೆ ಅದನ್ನು ಹಾಕಲು ಬರುವುದಿಲ್ಲ ಅನ್ನುವುದು ಅದರ ತಾತ್ಪರ್ಯ. 2021ರಲ್ಲಿ ಗಣೇಶನ್ ಕೇಸಿನಲ್ಲೂ ಮತ್ತೆ ಅದನ್ನೇ ಹೇಳಿದೆ. ಅಂದರೆ ತಮ್ಮ ಅಲ್ಲಿದ್ದ ಅಂತಲೇ ಹೈಕೋರ್ಟು ಒಪ್ಪಿಕೊಂಡರೂ, ಪೊಲೀಸರ ಕಥೆಯನ್ನು ಅಕ್ಷರ ಅಕ್ಷರ ನಂಬಿದರೂ, ಈ ಕಡ್ಡಾಯ ಏಳು ವರ್ಷದ ಪ್ರಶ್ನೆ ಬೇರೆಯಾಗಿ ಉಳಿಯುತ್ತದೆ.

ಮೊದಲ ಸಲ ಇದನ್ನು ತಿಳಿದಾಗ ನನಗೆ ಸಿಟ್ಟು ಬಂತು, ಸಮಾಧಾನವೂ ಆಯಿತು. ಅಪೀಲು ಅಂದರೆ ಬಿಡುಗಡೆ ಬೇಡುವುದು ಮಾತ್ರ ಅಂತ ನಮ್ಮ ಕಡೆ ಎಲ್ಲರೂ ತಿಳಿದಿದ್ದಾರೆ. ತಪ್ಪು ಮಾಡಿದವನು ಯಾವ ಮುಖ ಇಟ್ಟುಕೊಂಡು ಅಪೀಲು ಹಾಕುತ್ತಾನೆ ಅಂತ ಕೇಳುತ್ತಾರೆ. ತಪ್ಪು ಮಾಡಿದವನಿಗೂ ಅವನು ಮಾಡಿದಷ್ಟಕ್ಕೇ ಶಿಕ್ಷೆ ಆಗಬೇಕಲ್ವಾ? ಅಪರಾಧಿ ಅನ್ನುವ ತೀರ್ಮಾನದ ಮೇಲೂ ಅಪೀಲು ಹಾಕಬಹುದು, ಶಿಕ್ಷೆಯ ಪ್ರಮಾಣದ ಮೇಲೂ ಹಾಕಬಹುದು, ಎರಡನ್ನೂ ಒಂದೇ ಅಪೀಲಿನಲ್ಲಿ ಕೇಳಬಹುದು. ನಮ್ಮ ಈಗಿನ ವಕೀಲರು ಹಾಗೇ ಮಾಡಿದ್ದಾರೆ. ಮೊದಲು, ಅವನು ಅಲ್ಲಿರಲಿಲ್ಲ. ಅದನ್ನು ಒಪ್ಪದಿದ್ದರೆ, ಚಾಕು ಅವನ ಕೈಯಲ್ಲಿರಲಿಲ್ಲ. ಕೇಳಿದವರಿಗೆ ಎರಡು ನಾಲಿಗೆಯ ಮಾತಿನಂತೆ ಕಾಣಬಹುದು, ಅವ್ವನಿಗೂ ಕಂಡಿತು. ಇಲ್ಲೇ ಇದ್ದಿಲ್ಲ ಅಂದ ಮ್ಯಾಲ ಚಾಕುವಿನ ಮಾತು ಯಾಕ್ ಆಡಬೇಕು ಅಂತ ವಕೀಲರನ್ನೇ ಕೇಳಿಬಿಟ್ಟಳು. ಅವರು ಬೇಜಾರು ಮಾಡಿಕೊಳ್ಳದೆ ಅವಳಿಗೆ ಅರ್ಥ ಆಗುವವರೆಗೆ ಹೇಳಿದರು.

ಆ ವಕೀಲರು ಸಿಕ್ಕಿದ್ದು ನಿಮ್ಮ ವ್ಯವಸ್ಥೆಯಿಂದಲೇ. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಆದರೆ ಅವರವರೆಗೆ ಹೋಗುವ ಮೊದಲು ಏನಾಯಿತು ಅನ್ನುವುದನ್ನೂ ಹೇಳಬೇಕು. ಮೊದಲು ಒಬ್ಬ ಖಾಸಗಿ ವಕೀಲರ ಹತ್ತಿರ ಹೋದೆವು. ಹೈಕೋರ್ಟು, ಖರ್ಚು ಜಾಸ್ತಿ ಅಂದರು. ಮುಂಗಡಕ್ಕೆ ಅವ್ವನ ಬೆಂಡೋಲೆ ಒತ್ತೆ ಹೋಯಿತು, ಬಡ್ಡಿಗೆ ಒಂದಷ್ಟು ತಂದೆವು. ವಕಾಲತ್ತಿಗೆ ಜೈಲಿನಿಂದ ತಮ್ಮನ ಸಹಿ ತರಿಸಿಕೊಂಡರು. ಆಮೇಲೆ ಫೋನ್ ಮಾಡಿದಾಗಲೆಲ್ಲ ಹಾಕ್ತೀವಿ, ಹಾಕ್ತೀವಿ. ಅವಧಿ ಮುಗಿಯುತ್ತಾ ಬಂದಿದ್ದರೂ ಅಪೀಲು ಬೆಂಚಿಗೆ ಹೋಗಿರಲೇ ಇಲ್ಲ. ಜೈಲಿನ ಸಂದರ್ಶನದ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಮಾನ್ವಿ ಕಡೆಯ ಹೆಂಗಸೊಬ್ಬರು, ತಮ್ಮ ಗಂಡನ ಅಪೀಲನ್ನು ಜೈಲಿನಿಂದಲೇ ಪುಕ್ಕಟೆ ಹಾಕಿಸಿದ್ದರಂತೆ, ಅವರು ಹೇಳಿದ ಮೇಲೆ ನನಗೆ ಗೊತ್ತಾಯಿತು.

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಕಲಂ 12ರ ಪ್ರಕಾರ ಬಂಧನದಲ್ಲಿರುವ ವ್ಯಕ್ತಿಗೆ ಪುಕ್ಕಟೆ ವಕೀಲರು ಸಿಗಬೇಕು. ಅವನ ಆದಾಯ ಎಷ್ಟು ಅಂತ ಕೇಳುವ ಹಾಗಿಲ್ಲ. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಅಲೆಯುವುದು ಬೇಡ. ಜೈಲಿನಲ್ಲಿದ್ದವನು ತನ್ನ ಅಪೀಲನ್ನು ಜೈಲು ಅಧಿಕಾರಿಯ ಕೈಗೆ ಕೊಟ್ಟರೆ ಸಾಕು, ಅವರು ಅದನ್ನು ಹೈಕೋರ್ಟಿಗೆ ಕಳಿಸಬೇಕು. ಅದು ಅವರ ಕರ್ತವ್ಯ. ಸುಪ್ರೀಂ ಕೋರ್ಟು 1978ರಲ್ಲೇ ಹೊಸ್ಕೋಟ್ ಕೇಸಿನಲ್ಲಿ ಇನ್ನೂ ಬಿಡಿಸಿ ಹೇಳಿದೆ. ತೀರ್ಪಿನ ಪ್ರತಿಯನ್ನು ಜೈಲಿನ ಮೂಲಕ ಕಳಿಸಿದರೆ ಬೇಗ ಕೈದಿಯ ಕೈಗೆ ತಲುಪಿಸಬೇಕು, ತಲುಪಿತು ಅಂತ ಅವನಿಂದ ಬರೆಸಿಕೊಳ್ಳಬೇಕು, ಅಪೀಲು ಹಾಕಲು ಬೇಕಾದ ಎಲ್ಲ ಅನುಕೂಲ ಮಾಡಿಕೊಡಬೇಕು, ವಕೀಲರನ್ನು ಇಡಲು ಶಕ್ತಿ ಇಲ್ಲದವನಿಗೆ ಸರ್ಕಾರದ ಖರ್ಚಿನಲ್ಲಿ ಒಳ್ಳೆಯ ವಕೀಲರನ್ನು ಕೊಡಬೇಕು. ನಾನು ಹುಟ್ಟುವ ಮೊದಲೇ ಬಂದ ತೀರ್ಪು ಇದು. ಜೈಲಿನ ಸಾಲಿನಲ್ಲಿ ಸಿಕ್ಕ ಪುಣ್ಯಾತ್ಗಿತ್ತಿಯ ಬಾಯಿಂದ ನನಗೆ ತಲುಪಿತು.

ಮೊನ್ನೆ ಮೊನ್ನೆಯ ಒಂದು ಆದೇಶವೂ ಇದೆ, ನನ್ನ ಮುಖ್ಯ ಕೋರಿಕೆ ಅದರ ಮೇಲೇ ನಿಂತಿದೆ. 2024ರ ಅಕ್ಟೋಬರ್ 23ರಂದು ಸುಹಾಸ್ ಚಕ್ಮಾ ಕೇಸಿನಲ್ಲಿ ಸುಪ್ರೀಂ ಕೋರ್ಟು ಜೈಲುಗಳಲ್ಲಿ ಕಾನೂನು ನೆರವು ಹೇಗೆ ನಡೆಯಬೇಕು ಅಂತ ಹಲವು ಸೂಚನೆ ಕೊಟ್ಟಿತು. ಅದರಲ್ಲಿ ಒಂದು, ಶಿಕ್ಷೆಯ ತೀರ್ಪಿನ ಪ್ರತಿ ಕೊಡುವಾಗ ಅದರ ಮೇಲೆ ಒಂದು ಹೊದಿಕೆ ಹಾಳೆ ಲಗತ್ತಿಸುವ ಬಗ್ಗೆ ಹೈಕೋರ್ಟುಗಳು ಯೋಚನೆ ಮಾಡಲಿ ಅನ್ನುವುದು. ಮೇಲಿನ ಕೋರ್ಟಿಗೆ ಹೋಗಲು ಪುಕ್ಕಟೆ ನೆರವು ಸಿಗುತ್ತದೆ, ಇದು ವಿಳಾಸ, ಇದು ಫೋನ್ ನಂಬರು ಅಂತ ಆ ಹಾಳೆಯಲ್ಲಿ ಇರಬೇಕು. ಬಸ್ ಸ್ಟ್ಯಾಂಡು, ಪೊಲೀಸ್ ಠಾಣೆ, ಅಂಚೆ ಕಚೇರಿಗಳಲ್ಲಿ ಫಲಕ ಹಾಕಬೇಕು ಅಂತಲೂ ಹೇಳಿದೆ. ನಮ್ಮ ಕೈಗೆ ಬಂದ ಪ್ರತಿಯ ಮೇಲೆ ಅಂಥ ಹಾಳೆ ಇರಲಿಲ್ಲ. ಅದೊಂದು ಹಾಳೆ ಇದ್ದಿದ್ದರೆ ಬೆಂಡೋಲೆ ಅವ್ವನ ಕಿವಿಯಲ್ಲೇ ಇರುತ್ತಿತ್ತು.

ಸಾರ್, ದಯವಿಟ್ಟು ಆ ಹಾಳೆ ಮಾಡಿಸಿ. ಹೈಕೋರ್ಟಿನ ಒಪ್ಪಿಗೆ ಬೇಕಾದರೆ ನೀವೇ ಮುಂದೆ ನಿಂತು ತನ್ನಿ. ಅದು ಕನ್ನಡದಲ್ಲಿರಲಿ, ದೊಡ್ಡ ಅಕ್ಷರದಲ್ಲಿರಲಿ, ಒಂದೇ ಪುಟ ಇರಲಿ. ಕಲಂಗಳ ಪಟ್ಟಿ ಬೇಡ. ಅಪೀಲು ಹಾಕಲು ಕೊನೇ ದಿನಾಂಕ ಯಾವುದು ಅನ್ನುವುದನ್ನು ಕೋರ್ಟಿನ ಸಿಬ್ಬಂದಿ ಪೆನ್ನಿನಿಂದ ಅದರಲ್ಲಿ ಬರೆದು ಕೊಡಲಿ. 60 ದಿನ ಅಂತ ಅಚ್ಚು ಮಾಡಿದರೆ ಯಾವತ್ತಿನಿಂದ ಎಣಿಸಬೇಕು ಅಂತ ಮತ್ತೆ ಗೊಂದಲ ಆಗುತ್ತೆ, ದಿನಾಂಕ ಬರೆದರೆ ಆಗಲ್ಲ. ಅಪೀಲು ಹಾಕಿದ್ದಕ್ಕೆ ಶಿಕ್ಷೆ ಜಾಸ್ತಿ ಆಗುವುದಿಲ್ಲ ಅನ್ನುವ ಮಾತು ಅದರಲ್ಲಿ ಇರಲೇಬೇಕು. ಕನ್ನಡ ಅನುವಾದ ಕೇಳಬಹುದು ಅನ್ನುವುದೂ ಇರಲಿ, ಅದರ ಕೆಳಗೆ ಬೇಕು ಅಂತ ಗುರುತು ಹಾಕಿ ಸಹಿ ಅಥವಾ ಹೆಬ್ಬೆಟ್ಟು ಒತ್ತಲು ಜಾಗ ಇರಲಿ. ಹಾಗೆ ಮಾಡಿದರೆ ಅವನು ಕೇಳಿದಂತೆಯೇ ಆಯಿತಲ್ವಾ?

ಇನ್ನೊಂದು. ನಿಮ್ಮಲ್ಲಿ ಅರೆಕಾಲಿಕ ಕಾನೂನು ಸ್ವಯಂಸೇವಕರು ಇದ್ದಾರೆ. ಸೆಷನ್ಸ್ ಕೋರ್ಟಿನಲ್ಲಿ ಯಾವ ದಿನ ಯಾವ ಕೇಸಿನ ತೀರ್ಪು ಅನ್ನುವುದು ಮೊದಲೇ ಗೊತ್ತಿರುತ್ತದೆ. ಆ ದಿನ ಅಲ್ಲಿ ಒಬ್ಬರು ಇರಲಿ. ಆರೋಪಿಯನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಹೊರಗೆ ಕಂಬ ಹಿಡಿದು ನಿಂತಿರುವ ಮನೆಯವರನ್ನು ಹತ್ತು ನಿಮಿಷ ಕೂರಿಸಿ ಹೇಳಲಿ. ಊರಿನಲ್ಲಿ ಸಾವಾದಾಗ ಮುಂದಿನ ಕೆಲಸ ಗೊತ್ತಿರುವ ಒಬ್ಬರು ಮನೆಗೆ ಬಂದು ಎಲ್ಲರಿಗೂ ಹೇಳಿ ಮಾಡಿಸುತ್ತಾರಲ್ಲ, ಹಾಗೆ. ಅಷ್ಟು ಸಾಕು.

ದೂರದ ವಿಷಯವನ್ನೂ ಹೇಳಬೇಕು. 2008ರವರೆಗೆ ಎಲ್ಲದಕ್ಕೂ ಬೆಂಗಳೂರಿಗೇ ಹೋಗಬೇಕಿತ್ತು. ಆ ವರ್ಷ ಧಾರವಾಡ, ಕಲಬುರಗಿಯಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಅವು ಕಾಯಂ ಆದವು. ಎಷ್ಟೋ ಜನ ಹೋರಾಡಿ ತಂದದ್ದು ಅದು, ಅವರಿಗೆ ಕೈ ಮುಗಿಯಬೇಕು. ಆದರೂ ರಾಯಚೂರು ಜಿಲ್ಲೆಯವರು ಕಲಬುರಗಿಗೆ, ಕೊಪ್ಪಳ ಮತ್ತು ಬಳ್ಳಾರಿಯವರು ಧಾರವಾಡಕ್ಕೆ ಅನ್ನುವುದೇ ಬಹಳ ಜನಕ್ಕೆ ಗೊತ್ತಿಲ್ಲ. ನಮಗೂ ಕೊಪ್ಪಳ ಜಿಲ್ಲೆಯ ಕಾರಟಗಿಗೂ ಎಷ್ಟು ದೂರ? ಅಲ್ಲಿಯ ನಮ್ಮ ಸಂಬಂಧಿಕರೊಬ್ಬರು ತಮ್ಮ ಅನುಭವದ ಮೇಲೆ ಧಾರವಾಡಕ್ಕೆ ಹೋಗಿ ಅಂದರು. ಅವರ ಜಿಲ್ಲೆಗೆ ಅದು ಸರಿ. ನಾವು ಹೋಗಿದ್ದರೆ ಒಂದು ದಿನದ ಕೂಲಿ, ಬಸ್ ಚಾರ್ಜು ಎಲ್ಲ ನೀರಿಗೆ. ಆ ಹಾಳೆಯಲ್ಲಿ ಯಾವ ಪೀಠ ಅನ್ನುವುದೂ ಇರಲಿ, ಮತ್ತು ಅಲ್ಲಿಗೆ ಹೋಗುವ ಅಗತ್ಯವೇ ಇಲ್ಲ, ನಿಮ್ಮ ಜಿಲ್ಲೆಯ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅಥವಾ ಜೈಲಿನಲ್ಲೇ ಕೊಡಬಹುದು ಅನ್ನುವುದೂ ಇರಲಿ.

ಅಪೀಲು ಹಾಕಿದ ಮಾತ್ರಕ್ಕೆ ಜೈಲಿನಿಂದ ಬರುವುದಿಲ್ಲ ಅನ್ನುವುದು ಇನ್ನೊಂದು ಹೊಡೆತ. ಶಿಕ್ಷೆ ಅಮಾನತಿನಲ್ಲಿಟ್ಟು ಜಾಮೀನು ಕೊಡಿ ಅಂತ ಅದರ ಜೊತೆಗೇ ಬೇರೆ ಅರ್ಜಿ ಹಾಕಬೇಕು. ಹಳೇ ಕಲಂ 389, ಹೊಸದು 430. ನಮ್ಮಂಥ ಕೇಸಿನಲ್ಲಿ ಸರ್ಕಾರಿ ವಕೀಲರಿಗೆ ತಕರಾರು ಬರೆದು ಕೊಡಲು ಅವಕಾಶ ಕೊಟ್ಟ ಮೇಲೆಯೇ ಅದರ ತೀರ್ಮಾನ. ಕೆಳಗಿನ ಕೋರ್ಟಿನ ದಾಖಲೆ ಬರಬೇಕು, ಸರದಿ ಬರಬೇಕು. 1977ರ ಕಾಶ್ಮೀರಾ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟೇ ಕೇಳಿದೆ, ಅಪೀಲು ಕೇಳಲು ಐದಾರು ವರ್ಷ ಆಗುವುದಾದರೆ ಅಷ್ಟು ದಿನ ಒಳಗೆ ಇಟ್ಟು ಕೊನೆಗೆ ಅವನದು ತಪ್ಪಿಲ್ಲ ಅಂತ ಆದರೆ ಆ ವರ್ಷಗಳನ್ನು ಯಾರು ತಿರುಗಿ ಕೊಡುತ್ತಾರೆ ಅಂತ. ನಮ್ಮ ಲೆಕ್ಕವನ್ನೂ ನೋಡಿ. 397 ತಪ್ಪು ಅಂತ ಆಗಿ ಶಿಕ್ಷೆ ಮೂರು ವರ್ಷಕ್ಕೆ ಇಳಿಯಿತು ಅಂದುಕೊಳ್ಳಿ, ಆ ಮಾತು ಬರುವ ಹೊತ್ತಿಗೆ ಅವನು ಐದು ವರ್ಷ ಒಳಗಿದ್ದರೆ ಗೆದ್ದು ಏನು ಬಂತು? ಅದಕ್ಕೇ ಶಿಕ್ಷೆಯ ಪ್ರಮಾಣವೇ ಮುಖ್ಯ ಪ್ರಶ್ನೆಯಾಗಿರುವ ಕೇಸುಗಳನ್ನು ನಿಮ್ಮ ಪ್ಯಾನೆಲ್ ವಕೀಲರು ಮೊದಲೇ ಗುರುತಿಸಿ, ಅಮಾನತಿನ ಅರ್ಜಿಯನ್ನು ಅಪೀಲಿನ ದಿನವೇ ಹಾಕಿ, ಬೇಗ ಕೇಳಿ ಅಂತ ಪೀಠದ ಮುಂದೆ ಹೇಳುವ ಪದ್ಧತಿ ಬರಲಿ. ಕೇಸು ಎಲ್ಲಿಗೆ ಬಂತು ಅನ್ನುವುದನ್ನು ಮನೆಯವರಿಗೆ ಕನ್ನಡದಲ್ಲಿ ಒಂದು ಮೆಸೇಜ್ ಹಾಕಿ ತಿಳಿಸಿದರೂ ಪುಣ್ಯ ಬರುತ್ತದೆ.

ಕಳೆದ ಸಲ ಸಂದರ್ಶನಕ್ಕೆ ಹೋದಾಗ ತಮ್ಮ ಕೇಳಿದ, "ಅಕ್ಕಾ, ಮೊದಲ ಸಲ ಹಿಡದಾಗ ಒಳಗ ಇದ್ನೆಲ್ಲ, ಆ ತಿಂಗಳು ಲೆಕ್ಕಕ್ಕ ಹಿಡಿತಾರೇನು?" ಹಿಡಿಯುತ್ತಾರೆ. ವಿಚಾರಣೆಯ ಕಾಲದಲ್ಲಿ ಒಳಗಿದ್ದ ದಿನಗಳನ್ನು ಶಿಕ್ಷೆಯಲ್ಲಿ ಕಳೆಯಬೇಕು ಅಂತ ಕಾನೂನೇ ಇದೆ. ನಾನು ಹೇಳಿದೆ. ಅವನ ಬ್ಯಾರಕ್ಕಿನಲ್ಲಿ ಇನ್ನೂ ಮೂವರು ಇದನ್ನೇ ಕೇಳುತ್ತಿದ್ದಾರೆ, ಬರೆದು ಕೊಡು, ಓದಿ ಹೇಳ್ತೀನಿ ಅಂದ. ಜೈಲಿನಲ್ಲಿ ನಿಮ್ಮ ನೆರವು ಕೇಂದ್ರ ಇದೆ, ವಕೀಲರು ವಾರದಲ್ಲಿ ಕೆಲವು ದಿನ ಬರುತ್ತಾರೆ. ಅವರು ಹೊಸದಾಗಿ ಶಿಕ್ಷೆ ಆಗಿ ಬಂದ ಪ್ರತಿಯೊಬ್ಬನನ್ನೂ ತಾವಾಗಿಯೇ ಕರೆದು, ಅಪೀಲು ಹಾಕಿದ್ದೀಯಾ, ಪ್ರತಿ ಸಿಕ್ಕಿತಾ ಅಂತ ಕೇಳಿ, ಬೇಡ ಅಂದರೆ ಬೇಡ ಅಂತ ಬರೆಸಿಕೊಳ್ಳಲಿ. ಕೈದಿ ಬಂದು ಕೇಳಲಿ ಅಂತ ಕಾದರೆ, ನಾಚಿಕೆಗೆ, ಭಯಕ್ಕೆ, ಬೇಜಾರಿಗೆ ಅರ್ಧ ಜನ ಬರುವುದೇ ಇಲ್ಲ.

ಇದನ್ನು ಓದುತ್ತಿರುವ, ನಮ್ಮಂತೆಯೇ ಇರುವ ಮನೆಯವರಿಗೆ: ತೀರ್ಪಿನ ಪ್ರತಿ ಕೈಯಲ್ಲಿದ್ದರೆ ಇವತ್ತೇ ಜಿಲ್ಲಾ ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ ಹೋಗಿ. ಹೋಗಲು ಆಗದಿದ್ದರೆ 15100ಕ್ಕೆ ಫೋನ್ ಮಾಡಿ, ಅದು ದೇಶದ ಕಾನೂನು ನೆರವಿನ ಸಹಾಯವಾಣಿ. ಅವಧಿ ಮುಗಿದಿದ್ದರೂ ಹೋಗಿ, ತಡ ಮನ್ನಿಸಲು ಕೇಳಬಹುದು. ಯಾರಿಗೂ ಮುಂಗಡ ಕೊಡುವ ಮೊದಲು ಹೋಗಿ.

ಸಾರ್, ಆ ಹಾಳೆಯ ಒಂದು ಕರಡನ್ನು ನಾನೇ ಕನ್ನಡದಲ್ಲಿ ಟೈಪ್ ಮಾಡಿ, ಈ ಪತ್ರದ ಪ್ರತಿಯ ಜೊತೆ ಬೆಂಗಳೂರಿನ ನಿಮ್ಮ ಕಚೇರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ಅದರಲ್ಲಿ ಕಾನೂನಿನ ಪ್ರಕಾರ ಏನಾದರೂ ತಿದ್ದಬೇಕಿದ್ದರೆ ತಿದ್ದಿ. ನಮ್ಮ ಜಿಲ್ಲೆಯ ಕೋರ್ಟುಗಳಲ್ಲಿ ಅದನ್ನು ಯಾವಾಗಿನಿಂದ ಕೊಡುತ್ತೀರಿ ಅಂತ ಉತ್ತರ ಬರೆಯಿರಿ.

ಇತಿ,
ಅಪೀಲು ಹಾಕಿಕೊಂಡು ಕಾಯುತ್ತಿರುವ ಒಬ್ಬನ ಅಕ್ಕ,
ಸಿಂಧನೂರು ತಾಲ್ಲೂಕು, ರಾಯಚೂರು ಜಿಲ್ಲೆ